ಹೋಮ್‌ಸ್ಕೂಲ್ ಹೈಸ್ಕೂಲ್ ಮಕ್ಕಳಿಗೆ ಕ್ಲಾಸಿಕಲ್ ಕ್ರಿಶ್ಚಿಯನ್ ಹ್ಯುಮಾನಿಟೀಸ್ (ಹಳೇ ಗ್ರೀಕ್, ರೋಮನ್, ಕ್ರೈಸ್ತ ಪುಸ್ತಕ ಓದಿ ಸಾಹಿತ್ಯ, ಇತಿಹಾಸ ಕಲಿಯೋದು) ಹೇಳ್ಕೊಡೋಕೆ ಯಾವ ಕರಿಕ್ಯುಲಮ್ ತಗೋಬೇಕು?

ನಿಮ್ಮದು ಟೆಕ್ಸಸ್, ಆರು ಮಕ್ಕಳು, ವಾರಕ್ಕೆ ಒಂದೇ ದಿನ ಕ್ಲಾಸು, ಆಗಸ್ಟ್‌ನಲ್ಲಿ ಶುರು, ಕ್ರೆಡಿಟ್ ಹೇಗೆ ಅನ್ನೋ ಪ್ರಶ್ನೆ, ಗ್ರೀಕ್-ರೋಮನ್ ಪುಸ್ತಕ ಓದಿ ಮಕ್ಕಳ ವಿಶ್ವಾಸ ಅಲ್ಲಾಡಿಬಿಟ್ರೆ ಏನ್ ಗತಿ ಅನ್ನೋ ಭಯ ಬೇರೆ. ನಿಮ್ಮ ಪ್ರಶ್ನೆ ಓದ್ತಿದ್ರೆ ಏಳು ವರ್ಷದ ಹಿಂದೆ ನಾನೇ ಬರೆದಿದ್ನೇನೋ ಅನ್ನಿಸ್ತು. ನಾನೂ ಟೆಕ್ಸಸ್‌ನಲ್ಲೇ, ಡಲ್ಲಾಸ್ ಹತ್ರ ಇರೋದು. ನಮ್ಮ ಕೋ-ಆಪ್ (ಹೋಮ್‌ಸ್ಕೂಲ್ ಮನೆಯವ್ರು ಸೇರಿ ನಡೆಸೋ ಕ್ಲಾಸು) ಪ್ರತಿ ಮಂಗಳವಾರ ಒಂದು ಚರ್ಚಿನ ಸಂಡೇ ಸ್ಕೂಲ್ ರೂಮಲ್ಲಿ ಸೇರ್ತಿತ್ತು, ಎಂಟು ಮಕ್ಕಳು, ಅದ್ರಲ್ಲಿ ಒಬ್ಬ ನನ್ನ ಮಗ. ಕರಿಕ್ಯುಲಮ್ ವಿಷಯ ಆಮೇಲೆ, ಮೊದ್ಲು ನಾನು ಮಾಡಿದ ತಪ್ಪು ಕೇಳಿ.

ನನಗೂ ಇದೇ ಭಯ. ಗ್ರೀಕ್ ಕವಿ ಹೋಮರ್‌ನಲ್ಲಿ ದೇವತೆಗಳು ಕಚ್ಚಾಡ್ತಾರೆ, ಒಡಿಸ್ಯೂಸ್ ಬಾಯಿಬಿಟ್ರೆ ಸುಳ್ಳು, ಆದ್ರೂ ಅವನೇ ಹೀರೋ, ಇದನ್ನ ಹದಿನೈದು ವರ್ಷದವರ ಕೈಗೆ ಹಂಗೇ ಕೊಡೋದಾ ಅಂತ ನಿದ್ದೆ ಬರ್ತಿರ್ಲಿಲ್ಲ. ಅದಕ್ಕೆ ಒಂದು ವರ್ಕ್‌ಶೀಟ್ ಮಾಡ್ದೆ. ಮೂರು ಕಾಲಂ: ಏನಾಯ್ತು, ಇದ್ರಲ್ಲಿ ತಪ್ಪೇನು, ಬೈಬಲ್ ಏನ್ ಹೇಳತ್ತೆ. ಪ್ರತಿ ಅಧ್ಯಾಯಕ್ಕೂ ಒಂದು ಶೀಟು. ಅದೂ ಓದಿದ ಮೇಲೆ ಅಲ್ಲ, ಓದೋಕೆ ಮುಂಚೆನೇ ಕೊಡ್ತಿದ್ದೆ, ಜೊತೆಗೆ ಅರ್ಧ ಗಂಟೆ ನಾನೇ ನಿಂತ್ಕೊಂಡು ಮುಂದಿನ ಭಾಗದಲ್ಲಿ ಏನೇನು ತಪ್ಪು ಬರತ್ತೆ ಅಂತ ಎಚ್ಚರಿಕೆ ಹೇಳ್ತಿದ್ದೆ. ಈ ವಲಯದಲ್ಲಿ ಎಲ್ರೂ ಇಂಗ್ಲಿಷ್ ಲೇಖಕಿ ಡೊರೊಥಿ ಸೇಯರ್ಸ್ 1947ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮಾಡಿದ ಭಾಷಣ ಎತ್ತಾಡ್ತಾರಲ್ಲ, ಗ್ರಾಮರ್, ಲಾಜಿಕ್, ರೆಟರಿಕ್ ಅಂತ ಮೂರು ಹಂತ (ಮೊದ್ಲು ವಿಷಯ ಕಲಿಯೋದು, ಆಮೇಲೆ ತರ್ಕ, ಕೊನೆಗೆ ತನ್ನ ಮಾತಲ್ಲಿ ಹೇಳೋದು), ಹೈಸ್ಕೂಲ್ ಮಕ್ಕಳು ರೆಟರಿಕ್ ಹಂತದವ್ರು, ಅಂದ್ಮೇಲೆ ಎಲ್ಲಾದಕ್ಕೂ ತೀರ್ಪು ಕೊಡೋದು ಕಲೀಲಿ ಅಂತ ನಾನು ಅರ್ಥ ಮಾಡ್ಕೊಂಡಿದ್ದೆ. ಮಕ್ಕಳು ಪೆನ್ ಹಿಡ್ಕೊಂಡು ತಪ್ಪು ಹುಡುಕ್ತಾ ಓದಿದ್ರು. ಸ್ವಲ್ಪ ದಿನಕ್ಕೆ ಪುಸ್ತಕ ಓದ್ದೇನೇ ಕಾಲಂ ತುಂಬ್ಸೋದು ಕಲಿತ್ರು, ಯಾಕಂದ್ರೆ ಉತ್ತರ ಯಾವಾಗ್ಲೂ ಒಂದೇ ಥರ ಇರ್ತಿತ್ತು, ಮತ್ತೆ ಯಾವಾಗ್ಲೂ ಸರಿನೂ ಇರ್ತಿತ್ತು. ಸರಿ ಇದ್ದಿದ್ದಕ್ಕೇ ನನಗೆ ಗೊತ್ತಾಗ್ಲಿಲ್ಲ.

ಜನವರಿಲಿ ರೋಮನ್ ಕವಿ ವರ್ಜಿಲ್‌ನ ಮಹಾಕಾವ್ಯ ಈನಿಯಡ್, ನಾಲ್ಕನೇ ಪುಸ್ತಕ, ಅಂದ್ರೆ ಅದ್ರ ನಾಲ್ಕನೇ ಭಾಗ. ಕಾರ್ಥೇಜಿನ ರಾಣಿ ಡೈಡೋ ಕಾವ್ಯದ ನಾಯಕ ಈನಿಯಸ್‌ನ ನಂಬ್ತಾಳೆ, ದೇವತೆಗಳ ಅಪ್ಪಣೆ ಅಂತ ಅವನು ಬೆಳಕು ಹರಿಯೋಕೆ ಮುಂಚೆ ಹಡಗು ಬಿಟ್ಕೊಂಡು ಹೋಗ್ತಾನೆ, ಅವಳು ಚಿತೆ ಏರಿ ಅವನ ಕತ್ತಿಯಿಂದಲೇ ಪ್ರಾಣ ಕಳ್ಕೋತಾಳೆ. ಕ್ಲಾಸಲ್ಲಿ ಕೇರಳದ ಕಡೆಯವರ ಹುಡುಗಿ ಒಬ್ಳಿದ್ಳು, ತುಂಬಾ ಚೂಟಿ. ಅವಳ ಶೀಟ್ ಈಗ್ಲೂ ಕಣ್ಣಿಗೆ ಕಟ್ಟಿದೆ: "ತಪ್ಪು: ಆತ್ಮಹತ್ಯೆ, ಅನೈತಿಕ ಸಂಬಂಧ. ಬೈಬಲ್: 1 ಕೊರಿಂಥ 6." ಅಷ್ಟೇ. ನಾನು ಕೆಂಪು ಇಂಕಲ್ಲಿ ವೆರಿ ಗುಡ್ ಅಂತ ಬರ್ದೆ.

ಏಪ್ರಿಲ್‌ನಲ್ಲಿ ಸಂತ ಅಗಸ್ಟೀನರ ಕನ್ಫೆಷನ್ಸ್ ಬಂತು, ಅವರು ತಮ್ಮ ಪಾಪ, ಪಶ್ಚಾತ್ತಾಪ ಬರ್ಕೊಂಡಿರೋ ಆತ್ಮಕಥೆ. ಇಡೀ ವರ್ಷ ನಾನು ಕಾಯ್ತಿದ್ದಿದ್ದೇ ಇದಕ್ಕೆ, ಇಲ್ಲಿಗೆ ಬಂದ್ರೆ ಎಲ್ಲಾ ಕೂಡ್ಕೊಳ್ಳತ್ತೆ ಅಂತ. ಮೊದಲ ಪುಸ್ತಕದಲ್ಲೇ ಅವರು ಹೇಳ್ತಾರೆ, ಚಿಕ್ಕವನಿದ್ದಾಗ ಸ್ಕೂಲಲ್ಲಿ ಡೈಡೋ ಸತ್ತಿದ್ದು ಓದಿ ಅತ್ತೆ, ನಾನೇ ದೇವರಿಂದ ದೂರ ಆಗಿ ಸಾಯ್ತಿದ್ದಕ್ಕೆ ಮಾತ್ರ ಒಂದು ಹನಿ ಕಣ್ಣೀರು ಬರ್ಲಿಲ್ಲ ಅಂತ. ಆ ಹುಡುಗಿ ಕೈ ಎತ್ತಿ, "ಆಂಟಿ, ಇವರು ಯಾಕೆ ಅತ್ರು?" ಅಂದ್ಳು. ತಲೆಹರಟೆಗೆ ಕೇಳಿದ್ದಲ್ಲ, ನಿಜವಾಗ್ಲೂ ಗೊತ್ತಾಗಿರ್ಲಿಲ್ಲ. ಸುತ್ತ ನೋಡಿದ್ರೆ ಎಂಟೂ ಜನಕ್ಕೆ ಗೊತ್ತಾಗಿಲ್ಲ. ಅಗಸ್ಟೀನರು ಆ ಕಣ್ಣೀರನ್ನ ಹೊಗಳ್ತಿಲ್ಲ, ತಮ್ಮನ್ನ ತಾವೇ ಹಳ್ಕೋತಿದಾರೆ, ಸರಿ. ಆದ್ರೆ ಹಳ್ಕೋಬೇಕಾದ್ರೂ ಮೊದ್ಲು ಅತ್ತಿರ್ಬೇಕಲ್ವಾ? ಅಳೋಕೆ ನಾನು ಬಿಟ್ಟೇ ಇರ್ಲಿಲ್ಲ. ಡೈಡೋನ ಮೂರು ಕಾಲಂನಲ್ಲಿ ಹೂತುಬಿಟ್ಟಿದ್ದೆ, ಅದ್ರ ಜೊತೆಗೇ ಅಗಸ್ಟೀನರ ಪಶ್ಚಾತ್ತಾಪನೂ ಮಕ್ಕಳ ಪಾಲಿಗೆ ಇನ್ನೊಂದು ಶೀಟಿನ ಉತ್ತರ ಆಗೋಯ್ತು.

ಮುಂದಿನ ವರ್ಷ ಆ ಹುಡುಗಿ, ಅವಳ ತಮ್ಮ ಬರ್ಲಿಲ್ಲ. ಅವರಮ್ಮ ಬೇಜಾರಿಲ್ದೇನೇ ಹೇಳಿದ್ರು, ಪ್ರತಿ ವಾರ ಅದೇ ಉತ್ತರ ಅಂದ್ರೆ ಮನೇಲೇ ಬರೀಬಹುದಲ್ಲಾ ಅಂತ. ನನ್ನ ಮಗ ಹ್ಯುಮಾನಿಟೀಸೇ ಬೇಡ ಅಂತ ಕಮ್ಯುನಿಟಿ ಕಾಲೇಜಲ್ಲಿ ಡ್ಯುಯಲ್ ಕ್ರೆಡಿಟ್ (ಹೈಸ್ಕೂಲಿಗೂ ಕಾಲೇಜಿಗೂ ಲೆಕ್ಕಕ್ಕೆ ಬರೋ ಕ್ಲಾಸು) ತಗೊಂಡ. ಅವನ ಜೊತೆ ಆ ಪುಸ್ತಕಗಳನ್ನ ಓದೋ ವಯಸ್ಸು ಒಂದೇ ಸಲ ಬರೋದು, ಅದು ಹೋಯ್ತು.

ನಮ್ಮ ತಂದೆ ಮೈಸೂರಲ್ಲಿ ಕನ್ನಡ ಮೇಷ್ಟ್ರಾಗಿದ್ರು. ನಾವು ಸಿಎಸ್‌ಐ ಚರ್ಚಿನವ್ರು, ಆದ್ರೂ ಎಲ್ಲಾದ್ರೂ ಕುಮಾರವ್ಯಾಸ ಭಾರತದ ಗಮಕ ಇದ್ರೆ ನನ್ನ ಕೈ ಹಿಡ್ಕೊಂಡು ಕರ್ಕೊಂಡ್ ಹೋಗ್ತಿದ್ರು. ಗಮಕದಲ್ಲಿ ಪದ್ಯ ಮೊದ್ಲು, ವ್ಯಾಖ್ಯಾನ ಆಮೇಲೆ. ಒಬ್ರು ರಾಗವಾಗಿ ವಾಚನ ಮಾಡ್ತಾರೆ, ಅದು ಕಿವಿಗೆ ಬಿದ್ದ ಮೇಲೇ ಇನ್ನೊಬ್ರು ಅರ್ಥ ಬಿಡಿಸೋದು. ಕರ್ಣನ ಕಥೆಗೆ ಎಷ್ಟ್ ಸಲ ಅತ್ತಿದೀನೋ, ಅದ್ರಿಂದ ನನ್ನ ವಿಶ್ವಾಸ ಏನೂ ಕರಗ್ಲಿಲ್ಲ. ಇಷ್ಟು ಗೊತ್ತಿದ್ದೂ ನಾನು ವ್ಯಾಖ್ಯಾನನ ಮುಂದಕ್ಕೆ ತಂದು ವಾಚನನೇ ಬಿಟ್ಟುಬಿಟ್ಟೆ.

ಅದಕ್ಕೇ ನಿಮ್ಮ ಪ್ರಶ್ನೆನೇ ನಾನು ಒಪ್ಪಲ್ಲ. ಮಕ್ಕಳನ್ನ ಈ ಪುಸ್ತಕಗಳಿಂದ ಕಾಪಾಡೋ ಕರಿಕ್ಯುಲಮ್ ಹುಡುಕ್ಬೇಡಿ. ಕಾಪಾಡ್ಬೇಕು ಅನ್ಸಿದ್ರೆ ಆ ಪುಸ್ತಕ ಇಡ್ಲೇಬೇಡಿ, ಅದಾದ್ರೂ ಪ್ರಾಮಾಣಿಕ. ಅಪೊಸ್ತಲ ಪೌಲ ಅಥೇನೆಯಲ್ಲಿ (ಗ್ರೀಸಿನ ಅಥೆನ್ಸ್) ನಿಂತು ಗ್ರೀಕ್ ಕವಿಗಳ ಮಾತನ್ನೇ ಎತ್ತಿ ಹೇಳ್ತಾನೆ, ಅಪೊಸ್ತಲರ ಕೃತ್ಯಗಳು 17 ತೆಗೆದು ನೋಡಿ, ಆ ಕವಿತೆ ಅವನು ಮೊದ್ಲು ಓದಿರ್ಬೇಕಲ್ವಾ. ಹೊರಗಿನವರ ಪುಸ್ತಕದಲ್ಲಿರೋ ಒಳ್ಳೇದನ್ನ ನಾವು ತಗೋಬಹುದು, ಇಸ್ರಾಯೇಲ್ಯರು ಐಗುಪ್ತದಿಂದ (ಈಜಿಪ್ಟ್) ಹೊರಡೋವಾಗ ಅಲ್ಲಿನ ಬೆಳ್ಳಿ ಬಂಗಾರ ತಗೊಂಡ್ ಬಂದ ಹಾಗೆ ಅಂತ ಅಗಸ್ಟೀನರೇ ಹೋಲಿಕೆ ಕೊಟ್ಟಿದಾರೆ.

ಎರಡನೇ ಬ್ಯಾಚಿಗೆ ಶೀಟ್ ಇಲ್ಲ. ಹದಿನಾರು ಪುಸ್ತಕ ಇದ್ದಿದ್ದು ಐದಕ್ಕೆ ಇಳಿಸ್ದೆ. ಡೈಡೋ ಭಾಗ ಎರಡು ಮಂಗಳವಾರ ಪೂರ್ತಿ ಜೋರಾಗಿ ಓದಿದ್ವಿ, ಸರದಿ ಮೇಲೆ, ನಾನು ಒಂದ್ ಮಾತೂ ಆಡ್ಲಿಲ್ಲ. ಆಮೇಲೆ ಕನ್ಫೆಷನ್ಸ್ ಐದನೇ ಪುಸ್ತಕಕ್ಕೆ ಬಂದಾಗ, ಅಗಸ್ಟೀನರು ತಾಯಿ ಮೋನಿಕಾಗೆ ಸುಳ್ಳು ಹೇಳಿ ರಾತ್ರೋರಾತ್ರಿ ರೋಮಿಗೆ ಹಡಗು ಹತ್ತಿದ್ದು, ಆಕೆ ಬೆಳಿಗ್ಗೆ ದಡದಲ್ಲಿ ನಿಂತು ಗೋಳಾಡಿದ್ದು ಓದ್ತಿದ್ದಾಗ, ಮಾತೇ ಆಡದ ಒಬ್ಬ ಹುಡುಗ "ಇದು ಈನಿಯಸ್ ಅಲ್ವಾ?" ಅಂದ. ಪಕ್ಕದವಳು "ಊರೂ ಅದೇ, ಕಾರ್ಥೇಜು" ಅಂದ್ಳು. ಇದನ್ನ ನಾನು ಹೇಳ್ಕೊಟ್ಟಿರ್ಲಿಲ್ಲ.

ಕ್ರೆಡಿಟ್ (ಹೈಸ್ಕೂಲಲ್ಲಿ ಒಂದು ವಿಷಯ ಮುಗಿಸಿದ್ದಕ್ಕೆ ಸಿಗೋ ಲೆಕ್ಕ) ಬಗ್ಗೆ ಕೇಳಿದ್ರಿ. 1994ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್ ತೀರ್ಪು ಬಂದಾಗಿಂದ ಇಲ್ಲಿ ಹೋಮ್‌ಸ್ಕೂಲ್ ಅಂದ್ರೆ ಪ್ರೈವೇಟ್ ಸ್ಕೂಲ್ ಲೆಕ್ಕ, ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ಬರೆಯೋರು ತಂದೆತಾಯಿನೇ. ಒಂದು ಕ್ರೆಡಿಟ್‌ಗೆ 120 ಗಂಟೆ ಅಂತ ಲೆಕ್ಕ ಇಟ್ಕೊಳ್ಳಿ, ಇಂಗ್ಲಿಷ್‌ಗೊಂದು ಹಿಸ್ಟರಿಗೊಂದು ಬರತ್ತೆ. ಕರಿಕ್ಯುಲಮ್ ಯಾವ್ದಾದ್ರೂ ತಗೊಳ್ಳಿ, ಅದ್ರ ಪ್ರಶ್ನೆಗಳನ್ನ ಮಾತ್ರ ಪುಸ್ತಕ ಓದಿ ಮುಗಿಯೋವರ್ಗೂ ಮಕ್ಕಳಿಗೆ ತೋರಿಸ್ಬೇಡಿ. ಮತ್ತೆ ಆಗಸ್ಟ್‌ಗೆ ಮುಂಚೆ ನೀವೊಬ್ರೇ ಕೂತು ಈನಿಯಡ್ ನಾಲ್ಕನೇ ಪುಸ್ತಕ ಜೋರಾಗಿ ಓದಿ, ಲ್ಯಾಟಿನ್‌ನಲ್ಲಿ ಅದು 705 ಸಾಲು ಅಷ್ಟೇ, ಅನುವಾದದಲ್ಲಿ ಒಂದು ಸಂಜೆಗೆ ಮುಗಿಯತ್ತೆ. ಪೆನ್ನು ಇಟ್ಕೋಬೇಡಿ.