ಹಾಲಿನ ಪ್ಯಾಕೆಟ್ಟಿನ ಮೂಲೆ, ಟಾರು ರಸ್ತೆಯ ಜಲ್ಲಿ

ಈ ಸಲ ಬಂದ ಪತ್ರಗಳಲ್ಲಿ ಪ್ಲಾಸ್ಟಿಕ್ ಬಗ್ಗೆ ಕೇಳಿದವರೇ ಜಾಸ್ತಿ. ಅದರಲ್ಲಿ ನಾಲ್ಕು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಮನೆಗೆ ದಿನಾ ಎರಡು ಪ್ಯಾಕೆಟ್ ಹಾಲು ಬರುತ್ತದೆ. ಖಾಲಿ ಪ್ಯಾಕೆಟ್ ತೊಳೆದು ಒಣಗಿಸಿ ಎತ್ತಿಡುತ್ತೇನೆ. "ಯಾಕಮ್ಮಾ ಇಷ್ಟು ಒದ್ದಾಟ, ಸುಮ್ನೆ ಕಸಕ್ಕೆ ಹಾಕು" ಅನ್ನುತ್ತಾರೆ ಅತ್ತೆ. ಇದರಿಂದ ನಿಜಕ್ಕೂ ಉಪಯೋಗ ಇದೆಯಾ?
– ಗೃಹಿಣಿ, ತುಮಕೂರು

ಉತ್ತರ: ಖಂಡಿತ ಇದೆ, ಬಿಡಬೇಡಿ. ಹಾಲಿನ ಪ್ಯಾಕೆಟ್ ಪೂರ್ತಿ ಪಾಲಿಥೀನ್. ಬೇರೆ ಏನೂ ಬೆರೆತಿರುವುದಿಲ್ಲ, ಅದಕ್ಕೇ ಕರಗಿಸುವವರಿಗೆ ಅದು ಬೇಕು. ಗುಜರಿ ಅಂಗಡಿಯವರು ತೂಕಕ್ಕೆ ಕೊಳ್ಳುತ್ತಾರೆ. ಆಮೇಲೆ ಬೆಂಗಳೂರಿನ ನಾಯಂಡಹಳ್ಳಿಯಂಥ ಕಡೆ ಅದು ಚೂರಾಗಿ, ಕರಗಿ, ಶಾವಿಗೆಯಂತೆ ಎಳೆಯಾಗಿ ಬಂದು, ಕಾಳು ಕಾಳಾಗಿ ಕತ್ತರಿಸಿಕೊಂಡು 'ದಾಣಾ' ಆಗುತ್ತದೆ. ಪೈಪು, ಕಸದ ಚೀಲ ಎಲ್ಲ ಅದರಿಂದಲೇ ಬರುವುದು. ಆದರೆ ಇಷ್ಟೆಲ್ಲ ಆಗಬೇಕಾದರೆ ಪ್ಯಾಕೆಟ್ ಶುದ್ಧವಾಗಿರಬೇಕು. ತೊಳೆಯದೆ ಎರಡು ದಿನ ಬಿಟ್ಟ ಪ್ಯಾಕೆಟ್ಟಿನ ವಾಸನೆ ಹೇಗಿರುತ್ತದೆ ಅಂತ ನಿಮಗೇ ಗೊತ್ತು, ಅದನ್ನು ವಿಂಗಡಿಸುವ ಹೆಂಗಸರು ಎಷ್ಟೋ ಕಡೆ ಬರಿಗೈಯಲ್ಲೇ ಬಿಡಿಸುತ್ತಾರೆ. ಅತ್ತೆಯವರಿಗೆ ಈ ಮಾತು ಹೇಳಿ ನೋಡಿ.

ಇನ್ನೊಂದು ವಿಷಯ, ಚಿಕ್ಕದು ಅನ್ನಿಸಬಹುದು. ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬೇರೆ ಮಾಡಬೇಡಿ. ಉಗುರಿನಷ್ಟಿರುವ ಆ ಚೂರು ಸಿಂಕಿನಲ್ಲಿ ಜಾರಿ ಮೋರಿ ಸೇರಿದರೆ ಮತ್ತೆ ಯಾರ ಕೈಗೂ ಸಿಗುವುದಿಲ್ಲ. ಕತ್ತರಿಯನ್ನು ಮುಕ್ಕಾಲು ಭಾಗಕ್ಕೇ ನಿಲ್ಲಿಸಿ, ಹಾಲು ಆರಾಮಾಗಿ ಸುರಿಯುತ್ತದೆ, ಮೂಲೆ ಪ್ಯಾಕೆಟ್ಟಿಗೇ ಜೋತಾಡಿಕೊಂಡಿರುತ್ತದೆ. ನಾನು ತೊಳೆದ ಪ್ಯಾಕೆಟ್ಟನ್ನು ಸಿಂಕಿನ ಮೇಲಿನ ಟೈಲ್ಸಿಗೆ ಅಂಟಿಸುತ್ತೇನೆ, ಒಣಗಿದ ಮೇಲೆ ತಾನೇ ಕಳಚಿ ಬೀಳುತ್ತದೆ. ತೊಳೆದ ನೀರು ಕರಿಬೇವಿನ ಗಿಡಕ್ಕೆ.

ಪ್ರಶ್ನೆ: ಪ್ಲಾಸ್ಟಿಕ್ ಹಾಕಿ ರಸ್ತೆ ಮಾಡುತ್ತಾರಂತೆ. ಬೇಸಿಗೆಯಲ್ಲಿ ಕರಗುವುದಿಲ್ಲವಾ?
– ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಇಲ್ಲ. ಈ ಪ್ಲಾಸ್ಟಿಕ್ ಕರಗಬೇಕಾದರೆ ಬಿಸಿ 100 ಡಿಗ್ರಿ ದಾಟಬೇಕು. ನಮ್ಮ ಕಡು ಬೇಸಿಗೆಯಲ್ಲೂ ರಸ್ತೆ ಅಷ್ಟು ಕಾಯುವುದಿಲ್ಲ.

ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ, ನೀವು ಓದುತ್ತಿರುವುದಕ್ಕೂ ಹತ್ತಿರದ್ದು. ಜಲ್ಲಿಯನ್ನು ಸುಮಾರು 160–170 ಡಿಗ್ರಿಗೆ ಕಾಯಿಸುತ್ತಾರೆ. ಅದರ ಮೇಲೆ ಕೆಲವೇ ಮಿಲಿಮೀಟರ್ ಗಾತ್ರಕ್ಕೆ ಚೂರು ಮಾಡಿದ ಕವರ್‌ಗಳನ್ನು ಉದುರಿಸುತ್ತಾರೆ. ಒಂದು ನಿಮಿಷವೂ ಬೇಡ, ಒಗ್ಗರಣೆಗೆ ಹಾಕಿದ ಮಂಡಕ್ಕಿಗೆ ಎಣ್ಣೆ ಹತ್ತಿಕೊಳ್ಳುವ ಹಾಗೆ ಪ್ಲಾಸ್ಟಿಕ್ ಕರಗಿ ಪ್ರತಿ ಕಲ್ಲಿಗೂ ತೆಳ್ಳಗೆ ಮೆತ್ತಿಕೊಳ್ಳುತ್ತದೆ. ಟಾರು ಹಾಕುವುದು ಆಮೇಲೆ. ಪ್ಲಾಸ್ಟಿಕ್ ಮೆತ್ತಿದ ಕಲ್ಲಿಗೆ ಟಾರು ಗಟ್ಟಿಯಾಗಿ ಹಿಡಿಯುತ್ತದೆ, ಮಳೆನೀರು ನಡುವೆ ನುಗ್ಗುವುದು ಕಷ್ಟ. ನಮ್ಮ ರಸ್ತೆಗಳಲ್ಲಿ ಗುಂಡಿ ಬೀಳುವುದಕ್ಕೆ ದೊಡ್ಡ ಕಾರಣವೇ ಆ ನೀರು, ಅಲ್ವಾ?

ಈ ವಿಧಾನ ರೂಪಿಸಿದವರು ಮದುರೈನ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು ಆರ್. ವಾಸುದೇವನ್. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಬೆಂಗಳೂರಿನಲ್ಲೂ ಸುಮಾರು ಅವರು ಈ ವಿಧಾನ ರೂಪಿಸಿದ ಹೊತ್ತಿಗೇ, 2000ದ ದಶಕದ ಶುರುವಿನಲ್ಲೇ, ಪ್ಲಾಸ್ಟಿಕ್ ಚೀಲ ತಯಾರಿಸುತ್ತಿದ್ದ ಅಹ್ಮದ್ ಖಾನ್ ಮತ್ತು ರಸೂಲ್ ಖಾನ್ ಅನ್ನುವ ಅಣ್ಣತಮ್ಮಂದಿರು ಹಳೇ ಕವರ್‌ಗಳ ಚೂರನ್ನು ಟಾರಿಗೆ ಬೆರೆಸಿ ರಸ್ತೆ ಮಾಡಿಸಿ ತೋರಿಸಿದರು. ಚೀಲ ಮಾಡುವವರೇ ಅದರ ಕಸಕ್ಕೂ ದಾರಿ ಹುಡುಕಿದರಲ್ಲ, ಅದು ನನಗೆ ತುಂಬ ಇಷ್ಟವಾದ ವಿಷಯ. 2013ರಲ್ಲಿ ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕೆ ಮಾರ್ಗಸೂಚಿ ತಂದಿತು. ಟಾರಿನ ತೂಕದಲ್ಲಿ ಸುಮಾರು ನೂರಕ್ಕೆ ಎಂಟು ಪಾಲು ಪ್ಲಾಸ್ಟಿಕ್. ಒಂದು ಕಿಲೋಮೀಟರ್ ಸಣ್ಣ ರಸ್ತೆಗೆ ಹತ್ತಿರ ಹತ್ತಿರ ಒಂದು ಟನ್ ಕವರ್ ಹಿಡಿಯುತ್ತದೆ.

ಎರಡು ಎಚ್ಚರಿಕೆ ಬೇಕು. ಫ್ಲೆಕ್ಸ್ ಬ್ಯಾನರಿನಂಥವುಗಳಲ್ಲಿರುವ ಪಿವಿಸಿ ಪ್ಲಾಸ್ಟಿಕ್ ಇದರೊಳಗೆ ಸೇರಲೇಬಾರದು, ಕಾಯಿಸಿದರೆ ವಿಷದ ಹೊಗೆ ಬರುತ್ತದೆ. ಮತ್ತೆ, ಚೂರು ಒದ್ದೆಯಾಗಿದ್ದರೆ, ಮಣ್ಣು ಮೆತ್ತಿದ್ದರೆ ಕಲ್ಲಿಗೆ ಸರಿಯಾಗಿ ಹತ್ತುವುದಿಲ್ಲ. ಇಲ್ಲೂ ಬೇಕಾದದ್ದು ತುಮಕೂರಿನ ಆ ತಾಯಿ ಮಾಡುತ್ತಿರುವ ಕೆಲಸವೇ.

ಪ್ರಶ್ನೆ: ಬಚ್ಚಲ ಒಲೆ ಹೊತ್ತಿಸಲು ಚಿಪ್ಸ್ ಕವರ್ ಹಾಕುತ್ತೇವೆ. ಸಿಮೆಂಟ್ ಕಾರ್ಖಾನೆಯಲ್ಲೂ ಸುಡುತ್ತಾರಂತಲ್ಲ, ನಾವು ಸುಟ್ಟರೆ ಏನು ತಪ್ಪು?
– ಓದುಗರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಇವತ್ತೇ ನಿಲ್ಲಿಸಿ. ಸಿಮೆಂಟ್ ಕುಲುಮೆಯ ಬಿಸಿ 1,400 ಡಿಗ್ರಿ ದಾಟಿರುತ್ತದೆ, ಹೊಗೆ ಶೋಧಿಸುವ ವ್ಯವಸ್ಥೆಯೂ ಇರುತ್ತದೆ. ಹಂಡೆ ಒಲೆಯಲ್ಲಿ ಅದು ಅರೆಬರೆ ಉರಿದು, ಹೊಗೆ ನೇರ ನಿಮ್ಮ ಎದೆಗೇ ಹೋಗುತ್ತದೆ, ಮೊದಲು ಸ್ನಾನಕ್ಕೆ ಬರುವ ಮಕ್ಕಳಿಗೂ. ಅಡಿಕೆ ಸಿಪ್ಪೆ, ತೆಂಗಿನ ಗರಿಗೆ ನಿಮ್ಮಲ್ಲಿ ಬರ ಇಲ್ಲವಲ್ಲ! ಚಿಪ್ಸ್ ಕವರ್ ಒಳಗಿನ ಬೆಳ್ಳಿ ಬಣ್ಣ ಅಲ್ಯೂಮಿನಿಯಂ ಲೇಪ. ಪ್ಲಾಸ್ಟಿಕ್ ಮತ್ತು ಲೋಹ ಹೀಗೆ ಪದರ ಪದರವಾಗಿ ಅಂಟಿದ್ದರೆ ಬಿಡಿಸುವುದು ಕಷ್ಟ, ಅದಕ್ಕೇ ಗುಜರಿಯವರೂ ಮುಟ್ಟುವುದಿಲ್ಲ. ಒಣ ಕಸದ ಚೀಲದಲ್ಲಿ ಕೂಡಿಟ್ಟು ಪಂಚಾಯಿತಿ ಗಾಡಿಗೆ ಕೊಡಿ.

ಪ್ರಶ್ನೆ: ಬಾಟಲಿಗೆ ಕವರ್ ತುಂಬಿ 'ಇಟ್ಟಿಗೆ' ಮಾಡಿ ಶಾಲೆಯಲ್ಲಿ ಕಟ್ಟೆ ಕಟ್ಟಬೇಕು ಅಂತಿದ್ದೇವೆ. ಒಳ್ಳೆಯ ಯೋಚನೆಯಾ?
– ಶಿಕ್ಷಕಿ, ಗದಗ

ಉತ್ತರ: ಮಕ್ಕಳಿಗೆ ಕಸದ ಲೆಕ್ಕ ಕಣ್ಣಿಗೆ ಕಾಣುತ್ತದೆ, ಅದಕ್ಕಾದರೂ ಮಾಡಿ. ಆದರೆ ಬಾಟಲಿ ಖರೀದಿಸಿ ತರಬೇಡಿ. ನೀರಿನ ಬಾಟಲಿಗೆ ಗುಜರಿಯಲ್ಲಿ ಒಳ್ಳೆಯ ಬೆಲೆ ಇದೆ, ಅದು ನೂಲಾಗಿ ಟೀ ಶರ್ಟ್ ಆಗಬಲ್ಲದು. ಒಡೆದದ್ದು, ಮಣ್ಣಾದದ್ದು ಹುಡುಕಿ ಬಳಸಿ. ಒಳಗೆ ಹಾಕುವುದು ಯಾರೂ ಕೊಳ್ಳದ ಚಾಕೊಲೇಟ್, ಚಿಪ್ಸ್ ಕವರ್ ಮಾತ್ರ, ಒಣಗಿರಬೇಕು. ಕೋಲಿನಿಂದ ಜಡಿದು ಜಡಿದು ತುಂಬಿಸಿ. ಒಂದು ಲೀಟರ್ ಬಾಟಲಿ ಕಡಿಮೆಯೆಂದರೆ 330 ಗ್ರಾಂ ತೂಗಬೇಕು, ಇಲ್ಲದಿದ್ದರೆ ಕೂತಾಗ ಮೆತ್ತಗೆ ಕುಸಿಯುತ್ತದೆ. ಕಟ್ಟಿದ ಮೇಲೆ ಬಿಸಿಲು ತಾಗದಂತೆ ಮಣ್ಣು ಮೆತ್ತಿ, ಬಿಸಿಲಿಗೆ ಬಾಟಲಿ ಪೆಡಸಾಗಿ ಬಿರಿಯುತ್ತದೆ. ಮತ್ತೆ, ಒಂದು ಬಾಟಲಿಗೆ ಎಷ್ಟು ಕವರ್ ಹಿಡಿಯಿತು ಅಂತ ಮಕ್ಕಳ ಕೈಲೇ ಎಣಿಸಿ ಬರೆಸಿ. ಆ ಲೆಕ್ಕ ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.