ಅಪ್ಪ ಒಂದೇ ದಿನಕ್ಕೆ ಬೆಂಗಳೂರಿಗೆ ಬರ್ತಿದ್ದಾರೆ, ಏಳು ಜಾಗ ತೋರಿಸೋಕೆ ಆಗುತ್ತಾ?

ವಯಸ್ಸು 67, ಶುಗರ್ ಇದೆ ಅಂತ ಬರೆದಿದ್ದೀರಿ. ಲಾಲ್‌ಬಾಗ್‌ನಿಂದ ಶುರುವಾಗಿ ಮಾಲ್‌ನಲ್ಲಿ ಮುಗಿಯೋ ನಿಮ್ಮ ಪಟ್ಟಿ ನೋಡಿ ಎದೆ ಧಸಕ್ಕೆಂದಿತು. ಮೂರು ವರ್ಷದ ಹಿಂದೆ ನಾನೂ ಇಂಥದ್ದೇ ಪಟ್ಟಿ ಹಿಡಿದು ಅಪ್ಪನನ್ನು ಹೊರಡಿಸಿದ್ದೆ.

ರಾತ್ರಿ ಬಸ್ಸಿಗೆ ಬಂದು ಭಾನುವಾರ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದರು. ಮನೆಗೆ ಬಂದು ಸ್ನಾನ ಮುಗಿಸಿ ಏಳೂವರೆಗೆ ಶುಗರ್ ಮಾತ್ರೆ ನುಂಗಿದರು. ಹೆಂಡತಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ಬೇಡ, ಲಾಲ್‌ಬಾಗ್ ನೋಡಿಕೊಂಡು ಬಸವನಗುಡಿಯಲ್ಲಿ ದೋಸೆ ತಿನ್ನಿಸ್ತೀನಿ ಅಂದೆ.

ತಪ್ಪಾಗಿದ್ದು ಅಲ್ಲೇ. ಕೆಲವು ಶುಗರ್ ಮಾತ್ರೆಗಳು ಹೊಟ್ಟೆಗೆ ಊಟ ಬಿದ್ದಿದೆಯೋ ಇಲ್ಲವೋ ನೋಡುವುದಿಲ್ಲ, ಮೈಯಲ್ಲಿ ಇನ್ಸುಲಿನ್ ಹೊರಡಿಸಿಯೇ ಬಿಡುತ್ತವೆ. ತಿಂಡಿ ತಡವಾದರೆ ಶುಗರ್ ಸರ್ರನೆ ಇಳಿಯುತ್ತದೆ. ನಡೆದರೆ ಇನ್ನೂ ಜಾಸ್ತಿ. ನಾನು ನಡೆಸಿದ್ದು ಎಲ್ಲಿ ಅಂತೀರಾ? 240 ಎಕರೆ ಲಾಲ್‌ಬಾಗ್‌ನಲ್ಲಿ. ಈ ಬಂಡೆಗೆ 300 ಕೋಟಿ ವರ್ಷ ಅಂತ ಹೇಳುತ್ತಾ ಕೆಂಪೇಗೌಡರ ಗೋಪುರದವರೆಗೂ ಹತ್ತಿಸಿದೆ. ಖಾಲಿ ಹೊಟ್ಟೆಯಲ್ಲಿ! ಅಪ್ಪ ಒಂದು ಮಾತೂ ಬೇಡ ಅನ್ನಲಿಲ್ಲ. ಮಗ ತೋರಿಸ್ತಿದ್ದಾನೆ ಅಂದರೆ ಅವರು ಅನ್ನೋದೂ ಇಲ್ಲ.

ಹೋಟೆಲ್ ಮುಂದೆ ಭಾನುವಾರದ ಕ್ಯೂ. ಹೆಸರು ಬರೆಸಿ ಮುಕ್ಕಾಲು ಗಂಟೆ ನಿಂತೆವು. ಅಪ್ಪ ಕನ್ನಡಕ ತೆಗೆಯೋಕೆ ಜೇಬಿಗೆ ಕೈ ಹಾಕಿದರು. ಬೆರಳು ನಡುಗಿ ಜೇಬಿನ ಬಾಯಿಯೇ ಸಿಗಲಿಲ್ಲ. ಅಂಗಿಯ ಬೆನ್ನು ಪೂರ್ತಿ ಒದ್ದೆ. "ಅಪ್ಪಾ" ಅಂದರೆ ಯಾರನ್ನೋ ನೋಡುವ ಹಾಗೆ ನೋಡಿದರು. ಪಕ್ಕದಲ್ಲಿದ್ದ ಹೆಂಗಸೊಬ್ಬರಿಗೆ ತಕ್ಷಣ ಗೊತ್ತಾಯಿತು. ಒಳಗಿನಿಂದ ಮೂರು ಚಮಚ ಸಕ್ಕರೆ ತರಿಸಿ ನೀರಲ್ಲಿ ಕದಡಿ ಕುಡಿಸಿದರು. ಕಾಲು ಗಂಟೆಯಲ್ಲಿ ಅಪ್ಪನ ಮುಖಕ್ಕೆ ಬಣ್ಣ ಬಂತು. ಆ ತಾಯಿಯ ಹೆಸರು ಕೂಡ ಕೇಳಲಿಲ್ಲ ನಾನು.

ದೋಸೆ ತಿನ್ನಿಸಿ, ಡಾಕ್ಟರಿಗೆ ತೋರಿಸಿ ಮನೆಗೆ ಬಂದೆವು. ನಾಲ್ಕರವರೆಗೆ ಮಲಗಿದರು. ಎದ್ದಾಗ ಮೊದಲ ಸಲ ಕೇಳಿದೆ, ನಿಮಗೆ ಏನು ನೋಡಬೇಕು ಅಂತ. "ವಿಧಾನಸೌಧ ಒಂದು ನೋಡಿದ್ರೆ ಸಾಕಪ್ಪ" ಅಂದರು.

ಪರ್ಪಲ್ ಲೈನ್ ಮೆಟ್ರೋದಲ್ಲಿ ಹೋದೆವು, ಸ್ಟೇಷನ್ ಎದುರಿಗೇ ಇದೆ. "ಸರ್ಕಾರದ ಕೆಲಸ ದೇವರ ಕೆಲಸ" ಅಂತ ಅಕ್ಷರ ಅಕ್ಷರವಾಗಿ ಓದಿದರು. ಕೆಂಗಲ್ ಹನುಮಂತಯ್ಯ ಕಟ್ಟಿಸಿದ್ದು, 1956ರಲ್ಲಿ ಮುಗೀತು ಅಂತ ನನಗೇ ಹೇಳಿಕೊಟ್ಟರು. ಕತ್ತಲಾದ ಮೇಲೆ ಭಾನುವಾರದ ದೀಪ ಹತ್ತಿತು. ಒಂದು ಗಂಟೆ ಅಲ್ಲಿಂದ ಕದಲಲಿಲ್ಲ.

ಹಾಗಾಗಿ ಏಳರಲ್ಲಿ ಯಾವುದು ಬಿಡಲಿ ಅಂತ ನನ್ನನ್ನು ಕೇಳಬೇಡಿ. ಪಟ್ಟಿ ಹರಿದು ಹಾಕಿ, ಇವತ್ತು ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿ. ಯಾವ ಜಾಗ ನೋಡಬೇಕು, ಮಾತ್ರೆ ಯಾವುದು, ಎಷ್ಟು ಹೊತ್ತಿಗೆ ತಗೋತಾರೆ, ಎಲ್ಲ ಕೇಳಿ. ಅವತ್ತು ತಿಂಡಿ ಮನೆಯಲ್ಲೇ ಆಗಲಿ. ಚೀಲದಲ್ಲಿ ಒಂದು ಪೊಟ್ಟಣ ಗ್ಲೂಕೋಸ್ ಇರಲಿ.