ಹೊಸ ಪಾತ್ರಕ್ಕೆ ಮೊದಲು ಒಂದು ಕೆಲಸ ಕೊಡಿ

ನೀವು ಬರೆಯುತ್ತಿರುವ ಮಂಗಳ ಗ್ರಹದ ಧಾರಾವಾಹಿಯಲ್ಲಿ ನೀರಿನ ಜಗಳ, ಅಕ್ಕ-ತಮ್ಮನ ಮುನಿಸು, ಭೂಮಿಯಿಂದ ನಿಂತುಹೋದ ಸಂದೇಶ ಇವು ಮೂರೂ ಓಡುತ್ತಿರುವಾಗ ಹೊಸ ವೈದ್ಯೆಯನ್ನು ತಂದರೆ ಹಳಬರು ಮಂಕಾಗುತ್ತಾರಾ ಅಂತ ಕೇಳಿದ್ದೀರಿ. ಆಗಲೇಬೇಕು ಅಂತೇನಿಲ್ಲ.

ಬಾಹ್ಯಾಕಾಶ ನಿಲ್ದಾಣವೊಂದರಲ್ಲಿ ನಡೆಯುವ ಅಮೆರಿಕದ ಟಿವಿ ಧಾರಾವಾಹಿ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ನೋಡಿ. 1995ರಲ್ಲಿ, ನಾಲ್ಕನೇ ಸೀಸನ್ನಿನ ಶುರುವಿಗೆ ಕ್ಲಿಂಗನ್ ಎಂಬ ಯೋಧ ಜನಾಂಗದ ಅಧಿಕಾರಿ ವೋರ್ಫ್‌ನನ್ನು ಕರೆತಂದರು. ಡೊಮಿನಿಯನ್ ಎಂಬ ಶತ್ರು ಸಾಮ್ರಾಜ್ಯದ ಬೆದರಿಕೆಯ ಕಥೆ ಆಗಲೇ ಕಾವೇರಿತ್ತು, ಅದರ ಮಧ್ಯೆ ಕ್ಲಿಂಗನ್ನರ ರಗಳೆ ಬೇರೆ. ಆದರೆ ಕ್ಲಿಂಗನ್ನರ ಮನಸ್ಸಿನಲ್ಲೇನಿದೆ ಎಂದು ತಿಳಿಯಲು ನಿಲ್ದಾಣದ ಮುಖ್ಯಸ್ಥ ಸಿಸ್ಕೋಗೆ ಒಬ್ಬ ಕ್ಲಿಂಗನ್ನೇ ಬೇಕಿತ್ತು. ಹಾಗಾಗಿ ಅವನು ಬಂದದ್ದು ತುರುಕಿದಂತೆ ಕಾಣಲಿಲ್ಲ. ಐದನೇ ಸೀಸನ್ನಿನ ಮೊದಲ ಕಂತಿನಲ್ಲಂತೂ, ಕ್ಲಿಂಗನ್ ಸೇನಾನಿ ಮಾರ್ಟೊಕ್‌ನ ರೂಪದಲ್ಲಿದ್ದವನು ಡೊಮಿನಿಯನ್ ಕಡೆಯ, ಬೇಕಾದ ರೂಪ ತಾಳಬಲ್ಲ ಜೀವಿ ಅಂತ ಬಯಲಾಗುತ್ತದೆ. ಎರಡು ಎಳೆ, ಒಂದೇ ಗಂಟು!

ನನಗೆ ಇನ್ನೂ ಇಷ್ಟವಾಗಿದ್ದು ವೋರ್ಫ್‌ಗೆ ಆ ನಿಲ್ದಾಣ ಒಗ್ಗದೇ ಇದ್ದದ್ದು. ಕೊನೆಗೆ ಕೋಣೆ ಬಿಟ್ಟು ಡಿಫೈಯಂಟ್ ನೌಕೆಯಲ್ಲೇ ಬಿಡಾರ ಹೂಡುತ್ತಾನೆ. ಅವನ ಬಿಗಿ ಶಿಸ್ತಿನ ಪಕ್ಕದಲ್ಲಿ ಅಲ್ಲಿನ ಹಳಬರ ಸ್ವಭಾವ ಮತ್ತಷ್ಟು ಎದ್ದು ಕಾಣುತ್ತದೆ, ಮಂಕಾಗುವ ಮಾತು ದೂರವೇ ಉಳಿಯಿತು.

ನಿಮ್ಮ ವೈದ್ಯೆ ನೀರಿನ ಮಾದರಿ ಪರೀಕ್ಷಿಸಲೆಂದೇ ಬರಲಿ. ತಮ್ಮನ ಕಾಯಿಲೆ ಅಕ್ಕನಿಗಿಂತ ಮೊದಲು ಅವಳಿಗೇ ಗೊತ್ತಾಗಲಿ, ಅಕ್ಕ ಸಿಟ್ಟಾಗಲಿ. ವೈದ್ಯೆಯ ಪೂರ್ವಕಥೆಯನ್ನು ಮಾತ್ರ ಈಗಲೇ ಹೇಳಬೇಡಿ, ಅದೇ ನಾಲ್ಕನೇ ಉಪಕಥೆಯಾಗಿ ಕೂತುಬಿಡುತ್ತದೆ. ಸಂದೇಶದ ಎಳೆಗೆ ಎರಡು ಮೂರು ಕಂತು ವಿಶ್ರಾಂತಿ ಕೊಡಿ. ರೇಡಿಯೋ ಕೋಣೆಯವನು ಹಾದುಹೋಗುತ್ತಾ ‘ಇವತ್ತೂ ಏನಿಲ್ಲ’ ಅಂದರೆ ಸಾಕು.